ಚೀಸ್ ಅಂದ ಮೇಲೆ ಚೀಸೇ ಇರಲಿ, ಹಣ್ಣು ಅಂದ ಮೇಲೆ ಹಣ್ಣೇ ಇರಲಿ



ನಮ್ಮ ಶಿವಾಜಿನಗರದಿಂದ ಹಿಡಿದು ಜಂಗ್ಲಿ ಮಹಾರಾಜ್ ರಸ್ತೆ, ಫರ್ಗ್ಯುಸನ್ ಕಾಲೇಜು ರಸ್ತೆಯ ತನಕ ಹೊಸ ಹೊಸ ಕೆಫೆಗಳು ಬಂದಿವೆ. ಅವುಗಳ ಮೆನು ಕಾರ್ಡಿನಲ್ಲಿ ಈಗ ಒಂದು ಐಟಂ ಕಾಣಸಿಗುತ್ತದೆ. 'ಗೌರ್ಮೆ ಗ್ರಿಲ್ಡ್ ಚೀಸ್ ಸ್ಯಾಂಡ್‌ವಿಚ್ ವಿತ್ ಫ್ರೂಟ್' ಎಂದು ಹೆಸರು. ಎರಡು ಸ್ಲೈಸ್ ಬ್ರೆಡ್ಡಿನ ನಡುವೆ ಚೀಸು, ಅದರೊಳಗೆ ಸ್ಟ್ರಾಬೆರಿಯೋ, ಅನಾನಸೋ, ಸೇಬೋ. ರೇಟು ನೋಡಿದರೆ ನಮ್ಮ ಮಸಾಲೆ ದೋಸೆಯ ಎರಡು ಮೂರು ಪಟ್ಟು. ಕಾಲೇಜು ಹುಡುಗ ಹುಡುಗಿಯರು ತರಿಸಿಕೊಂಡು ತಿನ್ನುತ್ತಾರೆ. ನಮ್ಮಲ್ಲಿಗೆ ಬಂದಾಗಲೂ 'ಇದು ಉಂಟಾ' ಎಂದು ಕೇಳುತ್ತಾರೆ.

ಈ ವಿಷಯದಲ್ಲಿ ನಮ್ಮ ಹೋಟೆಲಿನವರಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತಿದೆ. ಕೆಲವರು ಇದು ನಮ್ಮ ಐಟಂ ಅಲ್ಲ, ನಮಗೆ ಇಡ್ಲಿ ದೋಸೆ ಸಾಕು ಎನ್ನುತ್ತಾರೆ. ಇನ್ನು ಕೆಲವರು, ಗಿರಾಕಿ ಕೇಳಿದ ಮೇಲೆ ಕೊಡಬೇಕು, ಇದ್ದ ಚೀಸ್ ಸ್ಯಾಂಡ್‌ವಿಚ್ಚಿಗೆ ಡಬ್ಬದ ಅನಾನಸು ಎರಡು ತುಂಡು ಹಾಕಿ 'ಗೌರ್ಮೆ' ಎಂದು ಬರೆದರೆ ಆಯಿತು ಎನ್ನುತ್ತಾರೆ. ನನಗೆ ಎರಡೂ ಸರಿ ಕಾಣುವುದಿಲ್ಲ. ಈ ಐಟಂ ಮಾಡುವುದಕ್ಕೆ ಬೇಕಾದ ಕೈ, ಕಾವಲಿ ಎರಡೂ ನಮ್ಮಲ್ಲಿ ಮೊದಲೇ ಇವೆ. ಆದರೆ ಚೀಸು ಅಸಲಿಯಾಗಿರಬೇಕು, ಹಣ್ಣು ಆಯಾ ಸೀಸನ್ನಿನದಾಗಿರಬೇಕು. ಇವೆರಡು ನಮ್ಮಿಂದ ಆಗುವುದಿಲ್ಲವಾದರೆ ಕಾರ್ಡಿನಲ್ಲಿ ಹಾಕದೆ ಇರುವುದೇ ಮೇಲು. ನಾನು ಹತ್ತನೇ ಕ್ಲಾಸಿಗೆ ಓದು ನಿಲ್ಲಿಸಿದವನು. ಕಿಚನ್ನಿನಲ್ಲಿ ಮತ್ತು ಗಲ್ಲದಲ್ಲಿ ಕಲಿತದ್ದನ್ನು ಆಧಾರ ಮಾಡಿಕೊಂಡು ಇಲ್ಲಿ ಬರೆಯುತ್ತಿದ್ದೇನೆ.

ಗೌರ್ಮೆ ಅಂದರೆ ಏನು?

ಇದು ಫ್ರೆಂಚ್ ಭಾಷೆಯ ಶಬ್ದ. ತಿಂಡಿ ಊಟದ ರುಚಿ ಬಲ್ಲವನು ಎಂದು ಅರ್ಥ. ಅಂದರೆ ಆ ಹೆಸರು ಇಟ್ಟ ಮೇಲೆ ರುಚಿ ಬಲ್ಲವನು ತಿಂದು ಒಪ್ಪಬೇಕು. ಮಾಮೂಲು ಸ್ಯಾಂಡ್‌ವಿಚ್ಚಿಗೆ ದೊಡ್ಡ ಪ್ಲೇಟು, ಮೇಲೊಂದು ಪುದೀನ ಎಲೆ ಇಟ್ಟರೆ ಅದು ಗೌರ್ಮೆ ಆಗುವುದಿಲ್ಲ.

ಮೂಲದಲ್ಲಿ ಈ ಐಟಂ ಬಡವರದ್ದೇ. ಅಮೆರಿಕದಲ್ಲಿ ಜೇಮ್ಸ್ ಕ್ರಾಫ್ಟ್ ಎಂಬವರು 1916ರಲ್ಲಿ ಪ್ರೊಸೆಸ್ಡ್ ಚೀಸಿಗೆ ಪೇಟೆಂಟ್ ಪಡೆದರು. 1928ರಲ್ಲಿ ಅಲ್ಲಿ ಯಂತ್ರದಲ್ಲಿ ಸ್ಲೈಸ್ ಮಾಡಿದ ಬ್ರೆಡ್ಡು ಮಾರಾಟಕ್ಕೆ ಬಂತು. ಅದರ ಬೆನ್ನಿಗೇ 1930ರ ದಶಕದ ಆರ್ಥಿಕ ಕಷ್ಟದ ಕಾಲ. ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬುತ್ತದೆ ಎಂದು ಬ್ರೆಡ್ಡು ಚೀಸು ಕಾವಲಿಯ ಮೇಲೆ ಕಾಯಿಸಿ ತಿನ್ನುವುದು ಅಲ್ಲಿ ಮನೆಮಾತಾಯಿತು. ನಮ್ಮ ಮುಂಬಯಿಯಲ್ಲಿ ಹಸಿರು ಚಟ್ನಿ, ಬಟಾಟೆ, ಬೀಟ್‌ರೂಟು ಹಾಕಿ ಕೈ ಟೋಸ್ಟರಿನಲ್ಲಿ ಸುಡುವ ಸ್ಯಾಂಡ್‌ವಿಚ್ಚು ರಸ್ತೆ ಬದಿಯ ತಿಂಡಿಯಾಯಿತು. ಅಹಮದಾಬಾದಿನ ಮಾಣೆಕ್ ಚೌಕದಲ್ಲಿ ರಾತ್ರಿ ಹೊತ್ತು ಅನಾನಸು ಚೀಸು ಸ್ಯಾಂಡ್‌ವಿಚ್ಚು ಮಾರುತ್ತಾರೆ. ಹಾಗಾಗಿ ಹಣ್ಣು ಮತ್ತು ಚೀಸಿನ ಜೋಡಿ ಕೆಫೆಯವರು ಕಂಡುಹಿಡಿದ ವಿಷಯವೇನೂ ಅಲ್ಲ.

ನಮ್ಮ ಐಟಂ ಅಲ್ಲ ಎನ್ನುವವರಿಗೆ

ಇಡ್ಲಿ ದೋಸೆಯೇ ನಮ್ಮ ಬಂಡವಾಳ ಎಂಬ ಮಾತು ನಾನೂ ಒಪ್ಪುತ್ತೇನೆ. ಆದರೆ ನಮ್ಮವರು ಹೊಸದನ್ನು ಮುಟ್ಟಲೇ ಇಲ್ಲವೇ? ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ತತ್ವಾರವಾದಾಗ ಬೆಂಗಳೂರಿನ ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಮಾಡಿದರು. ಈಗ ರವೆ ಇಡ್ಲಿ ಇಲ್ಲದ ಹೋಟೆಲು ಇದೆಯೇ? ಇದೇ ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ವೈಶಾಲಿಯನ್ನು ಬೆಳೆಸಿದ ಜಗನ್ನಾಥ ಶೆಟ್ಟರು 2023ರಲ್ಲಿ ತೀರಿಕೊಂಡರು. ಅವರ ಹೋಟೆಲಿನ ದೋಸೆಗೆ ಎಷ್ಟು ಹೆಸರೋ ಸೇವು, ಬಟಾಟೆ, ದಹಿ, ಪೂರಿಯ ಎಸ್‌ಪಿಡಿಪಿಗೂ ಅಷ್ಟೇ ಹೆಸರು. ಅದು ದಕ್ಷಿಣದ ತಿಂಡಿ ಅಲ್ಲ. ಆದರೂ ಪುಣೆಯ ಜನ ಉಡುಪಿಯವರ ಹೋಟೆಲಿಗೆ ಬಂದು ತಿನ್ನುತ್ತಾರೆ. ಪಾವ್ ಭಾಜಿ ನಮ್ಮದಲ್ಲ. ಆದರೂ ಮುಂಬಯಿ ಪುಣೆಯ ನಮ್ಮ ಹೋಟೆಲುಗಳ ಸಂಜೆಯ ವ್ಯಾಪಾರ ಅದರ ಮೇಲೆಯೂ ನಿಂತಿದೆ.

ಹಣ್ಣು ಮತ್ತು ಉಪ್ಪು ಖಾರದ ಜೋಡಿಯ ವಿಚಾರಕ್ಕೆ ಬಂದರೆ ನಾವು ಯಾರಿಂದಲೂ ಕಲಿಯಬೇಕಾಗಿಲ್ಲ. ನಮ್ಮ ಊರಿನ ಮದುವೆ ಊಟದಲ್ಲಿ ಅನಾನಸಿನ ಮೆಣಸ್ಕಾಯಿ ಇರುತ್ತದೆ. ಎಳ್ಳು, ಬೆಲ್ಲ, ಹುಳಿ, ಮೆಣಸು, ಉಪ್ಪು ಎಲ್ಲ ಸೇರಿದ ಆ ರಸಕ್ಕೆ ಹಣ್ಣಿನ ಹೋಳು ಬೆಂದು ಮೆತ್ತಗಾಗಿರುತ್ತದೆ. ಉಂಡವರು ಎರಡನೇ ಸಲ ಕೇಳಿ ಹಾಕಿಸಿಕೊಳ್ಳುತ್ತಾರೆ. ಹಣ್ಣಿನ ಸಿಹಿ ಹುಳಿ ಜೊತೆಗೆ ಉಪ್ಪು ಮತ್ತು ಜಿಡ್ಡು ಸೇರಿದರೆ ನಾಲಗೆಗೆ ಹಿಡಿಸುತ್ತದೆ ಎಂಬುದು ನಮ್ಮ ಅಡುಗೆಭಟ್ಟರಿಗೆ ತಲೆತಲಾಂತರದಿಂದ ಗೊತ್ತು. ಈ ಸ್ಯಾಂಡ್‌ವಿಚ್ಚಿನಲ್ಲಿ ಉಪ್ಪು ಮತ್ತು ಜಿಡ್ಡು ಚೀಸಿನಿಂದ ಬರುತ್ತದೆ, ಅಷ್ಟೇ ವ್ಯತ್ಯಾಸ. ಅನಾನಸು ಶೀರಾ, ಫ್ರೂಟ್ ಸಲಾಡ್, ಗಡ್‌ಬಡ್ ಎಲ್ಲ ಮಾಡುವ ನಮ್ಮ ಕಿಚನ್ನಿಗೆ ಹಣ್ಣು ಹೆಚ್ಚುವ ಕೈ ಹೊಸದಾಗಿ ತರಬೇಕಾಗಿಲ್ಲ.

ಮೊದಲ ಪ್ರಶ್ನೆ ಚೀಸಿನದು

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಪೇಟೆಯಲ್ಲಿ ಇವತ್ತು ಚೀಸಿನ ಹೆಸರಿನಲ್ಲಿ ಮೂರು ಬಗೆಯ ಮಾಲು ಬರುತ್ತದೆ.

ಒಂದನೆಯದು ನ್ಯಾಚುರಲ್ ಚೀಸ್. ಚೆಡ್ಡಾರ್, ಮೊಜರೆಲ್ಲಾ, ಗೌಡಾ ಇತ್ಯಾದಿ. ಹಾಲು ಒಡೆಸಿ, ನೀರು ತೆಗೆದು, ಉಪ್ಪು ಹಾಕಿ ಮಾಡಿದ್ದು. ಚೆಡ್ಡಾರಿನಂಥದನ್ನು ತಿಂಗಳುಗಟ್ಟಲೆ ಇಟ್ಟು ಹಣ್ಣಾಗಿಸುತ್ತಾರೆ. ಎರಡನೆಯದು ಪ್ರೊಸೆಸ್ಡ್ ಚೀಸ್. ಅಮುಲ್ ಮೊದಲಾದ ಕಂಪೆನಿಗಳ ಬ್ಲಾಕು, ಕ್ಯೂಬು, ಸ್ಲೈಸು ನಮಗೆಲ್ಲ ಗೊತ್ತೇ ಇದೆ. ಇದೂ ಅಸಲಿ ಚೀಸಿನಿಂದಲೇ ಆಗುತ್ತದೆ. ಚೀಸು ಕರಗಿಸಿ, ಎಣ್ಣೆ ಮತ್ತು ನೀರು ಬೇರೆಯಾಗದ ಹಾಗೆ ಸಿಟ್ರೇಟ್ ಅಥವಾ ಫಾಸ್ಫೇಟ್ ಜಾತಿಯ ಉಪ್ಪು ಸೇರಿಸಿರುತ್ತಾರೆ. ಕಾವಲಿಯ ಮೇಲೆ ಇದು ಒಡೆಯದೆ ಸಮನಾಗಿ ಕರಗುವುದಕ್ಕೆ ಅದೇ ಕಾರಣ. ಮೂರನೆಯದು ಅನಲಾಗ್. ಇದರಲ್ಲಿ ಹಾಲಿನ ಕೊಬ್ಬಿನ ಜಾಗಕ್ಕೆ ಪಾಮ್ ಎಣ್ಣೆಯಂಥ ವನಸ್ಪತಿ ಎಣ್ಣೆ, ಕೆಲವದರಲ್ಲಿ ಪಿಷ್ಟ ಹಾಕಿರುತ್ತಾರೆ. ಬಣ್ಣ ಚೀಸಿನದೇ, ನೂಲು ಕೂಡ ಎಳೆಯುತ್ತದೆ. ರೇಟು ಬಹಳ ಕಡಿಮೆ.

ಅನಲಾಗ್ ಮಾರುವುದು ಕಾನೂನಿಗೆ ವಿರೋಧ ಅಲ್ಲ. ಅದನ್ನು ಚೀಸ್ ಎಂದು ಕರೆಯುವುದು ತಪ್ಪು. ಹಾಲಿನ ಅಂಶ ತೆಗೆದು ಬೇರೆ ಹಾಕಿದ ಮಾಲಿಗೆ ಹಾಲಿನ ಪದಾರ್ಥದ ಹೆಸರು ಇಡಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಹೇಳುತ್ತದೆ. ಪ್ಯಾಕೆಟ್ಟಿನ ಮೇಲೆ ಕಂಪೆನಿಯವರು 'ಅನಲಾಗ್' ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಆ ಪ್ಯಾಕೆಟ್ಟು ಕಿಚನ್ನಿನಲ್ಲೇ ಕಸದ ಡಬ್ಬಕ್ಕೆ ಹೋಗುತ್ತದೆ. ಗಿರಾಕಿ ನೋಡುವುದು ನಮ್ಮ ಮೆನು ಕಾರ್ಡನ್ನು. ಅಲ್ಲಿ 'ಚೀಸ್' ಎಂದು ಇದ್ದರೆ ಸುಳ್ಳು ಹೇಳಿದವರು ನಾವಾಗುತ್ತೇವೆ, ಕಂಪೆನಿಯವರಲ್ಲ.

ಇದು ಬರೀ ಪುಸ್ತಕದ ಕಾನೂನು ಎಂದು ತಿಳಿಯಬೇಡಿ. 2023ರ ಕೊನೆಯ ತಿಂಗಳುಗಳಲ್ಲಿ ಅಹ್ಮದ್‌ನಗರದಲ್ಲಿ, ಅಂದರೆ ಈಗಿನ ಅಹಿಲ್ಯಾನಗರದಲ್ಲಿ, ವಿದೇಶಿ ಹೆಸರಿನ ಒಂದು ದೊಡ್ಡ ಬರ್ಗರ್ ಸಂಸ್ಥೆಯ ಮಳಿಗೆಯ ಮೇಲೆ ಮಹಾರಾಷ್ಟ್ರದ ಎಫ್‌ಡಿಎ ಇದೇ ಅನಲಾಗ್ ಆರೋಪದಲ್ಲಿ ಕ್ರಮಕ್ಕೆ ಇಳಿಯಿತು. ನಾವು ಬಳಸುವುದು ಅಸಲಿ ಚೀಸೇ ಎಂದು ಸಂಸ್ಥೆ ಹೇಳಿತು. ಆದರೂ ಕೆಲವು ಐಟಂಗಳ ಹೆಸರಿನಿಂದ 'ಚೀಸ್' ಎಂಬ ಶಬ್ದವನ್ನು ರಾಜ್ಯದಲ್ಲಿ ಆಗ ತೆಗೆಯಬೇಕಾಗಿ ಬಂತು. ಪೇಪರಿನಲ್ಲಿ ಟಿವಿಯಲ್ಲಿ ದಿನಗಟ್ಟಲೆ ಅದೇ ಸುದ್ದಿ. ಅವರಿಗೆ ವಕೀಲರಿದ್ದಾರೆ, ಪ್ರಚಾರಕ್ಕೆ ದುಡ್ಡಿದೆ, ಸುಧಾರಿಸಿಕೊಂಡರು. ನಮ್ಮಂಥ ಇಪ್ಪತ್ತು ಟೇಬಲಿನ ಹೋಟೆಲಿಗೆ ಅಂಥ ಒಂದು ಸುದ್ದಿ ಬಂದರೆ ಸುಧಾರಿಸಿಕೊಳ್ಳಲು ಸಾಧ್ಯವೇ? 2025ರ ಮಾರ್ಚಿನಲ್ಲಿ ಶಾಸಕರೊಬ್ಬರು ನಕಲಿ ಪನೀರನ್ನೇ ವಿಧಾನಸಭೆಗೆ ತಂದು ತೋರಿಸಿದರು. ಅಂದಿನಿಂದ ಗಿರಾಕಿಗಳ ಬಾಯಲ್ಲಿ ಅನಲಾಗ್ ಎಂಬ ಶಬ್ದ ಬಂದುಬಿಟ್ಟಿದೆ. ಪನೀರ್ ಯಾವುದು, ಚೀಸ್ ಯಾವುದು ಎಂದು ಟೇಬಲಿನಲ್ಲಿ ಕುಳಿತು ಮಾಣಿಯನ್ನು ಕೇಳುತ್ತಾರೆ. ಮಾಣಿ ನಮ್ಮ ಮುಖ ನೋಡುತ್ತಾನೆ.

ಹದಿನೈದು ರೂಪಾಯಿಯ ಲೆಕ್ಕ

ಬರೀ ಉಪದೇಶ ಬೇಡ, ಲೆಕ್ಕ ನೋಡೋಣ. ಒಂದು ಸ್ಯಾಂಡ್‌ವಿಚ್ಚಿಗೆ 60 ಗ್ರಾಂ ಚೀಸು ಬೇಕು. ಕಿಲೋಗೆ 550 ರೂಪಾಯಿ ಹಿಡಿದರೆ 33 ರೂಪಾಯಿ. ಬೆಣ್ಣೆ 15 ಗ್ರಾಂ 8 ರೂಪಾಯಿ, ದಪ್ಪ ಬ್ರೆಡ್ಡು ಎರಡು ಸ್ಲೈಸ್ 8 ರೂಪಾಯಿ, ಹಣ್ಣು 15 ರೂಪಾಯಿ, ಚಟ್ನಿ ಕಾಳುಮೆಣಸು ಇತ್ಯಾದಿ 6 ರೂಪಾಯಿ. ಒಟ್ಟು ಮಾಲಿನ ಖರ್ಚು 70 ರೂಪಾಯಿ. 200 ರೂಪಾಯಿಗೆ ಮಾರಿದರೆ ಮಾಲಿನ ಪಾಲು ನೂರಕ್ಕೆ 35.

ಅದೇ ಅನಲಾಗನ್ನು ಕಿಲೋಗೆ 300 ಹಿಡಿಯಿರಿ. 60 ಗ್ರಾಮಿಗೆ 18 ರೂಪಾಯಿ. ಉಳಿತಾಯ 15 ರೂಪಾಯಿ. ದಿನಕ್ಕೆ 20 ಪ್ಲೇಟು ಹೋದರೆ 300 ರೂಪಾಯಿ, ತಿಂಗಳಿಗೆ 9,000. ಇದು ಸಣ್ಣ ಮೊತ್ತ ಎಂದು ನಾನು ಹೇಳುವುದಿಲ್ಲ. ಬಾಡಿಗೆ, ಗ್ಯಾಸು, ಹುಡುಗರ ಸಂಬಳ, ಅವರ ರೂಮಿನ ಬಾಡಿಗೆ ಕಟ್ಟುವವನಿಗೆ 9,000ದ ಬೆಲೆ ಗೊತ್ತು. ಸಪ್ಲೈಯರುಗಳೂ ಇದೇ ಲೆಕ್ಕ ತೋರಿಸಿಯೇ ಮಾಲು ಒಪ್ಪಿಸುವುದು. 'ಸೇಟ್, ಎಲ್ಲರೂ ಇದನ್ನೇ ಹಾಕುವುದು, ಗಿರಾಕಿಗೆ ಗೊತ್ತಾಗುವುದಿಲ್ಲ' ಎಂದು ಒಬ್ಬ ನನಗೂ ಹೇಳಿದ್ದಾನೆ.

ನನ್ನ ಉತ್ತರ ಇಷ್ಟೇ. ಗಿರಾಕಿಗೆ ಗೊತ್ತಾಗುವುದಿಲ್ಲ ಎಂಬುದು ನಿಜವಾದರೆ ಕಾರ್ಡಿನಲ್ಲಿ 'ಚೀಸ್ ಅನಲಾಗ್ ಸ್ಯಾಂಡ್‌ವಿಚ್' ಎಂದೇ ಬರೆದು ಮಾರಬಹುದಲ್ಲ? ಕಾನೂನಿನ ಅಡ್ಡಿಯೂ ಇಲ್ಲ. ಆದರೆ ಯಾರೂ ಹಾಗೆ ಬರೆಯುವುದಿಲ್ಲ. ಬರೆದರೆ ಯಾರೂ ತರಿಸುವುದಿಲ್ಲ ಎಂದು ನಮಗೆ ಗೊತ್ತಿದೆ. ಅಂದರೆ ಆ 15 ರೂಪಾಯಿ ಬರುವುದು ಮಾಲಿನಿಂದ ಅಲ್ಲ, ಗಿರಾಕಿಗೆ ತಿಳಿಸದೆ ಇರುವುದರಿಂದ. ಅದರ ಬದಲು 15 ರೂಪಾಯಿ ರೇಟು ಜಾಸ್ತಿ ಮಾಡಿ, ಯಾವ ಚೀಸು ಎಂದು ಕಾರ್ಡಿನಲ್ಲೇ ಬರೆಯಿರಿ. ಕೆಫೆಯಲ್ಲಿ 280, 300 ಕೊಡುವ ಹುಡುಗ ನಮ್ಮಲ್ಲಿ 215 ಕೊಡಲು ಹಿಂದೆಮುಂದೆ ನೋಡುವುದಿಲ್ಲ.

ಇನ್ನೊಂದು ಸಂಗತಿ. 2025ರ ಸೆಪ್ಟೆಂಬರ್ 22ರಿಂದ ಚೀಸು ಮತ್ತು ಬೆಣ್ಣೆಯ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ. 5 ಪರ್ಸೆಂಟ್ ಕಟ್ಟುವ ನಮ್ಮಂಥ ಹೋಟೆಲುಗಳಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲವಾದ್ದರಿಂದ ಖರೀದಿಯ ಮೇಲೆ ಕೊಟ್ಟ ತೆರಿಗೆ ಪೂರ್ತಿ ನಮ್ಮ ಖರ್ಚೇ. ಅದು ಇಳಿದದ್ದು ನೇರ ಲಾಭ. ನಿಮ್ಮ ಬಿಲ್ಲಿನಲ್ಲಿ ಆ ವ್ಯತ್ಯಾಸ ಬಂದಿದೆಯೋ ಇಲ್ಲವೋ ನೋಡಿಕೊಳ್ಳಿ. ಅಸಲಿ ಚೀಸಿಗೆ ಬದಲಾಗುವವರಿಗೆ ಇದು ಒಳ್ಳೆಯ ಸಮಯ.

ಶುದ್ಧ ಸಸ್ಯಾಹಾರಿ ಬೋರ್ಡು ಹಾಕಿದವರು ಮತ್ತೂ ಒಂದು ಎಚ್ಚರಿಕೆ ವಹಿಸಬೇಕು. ಹಾಲು ಒಡೆಸಲು ಬಳಸುವ ರೆನೆಟ್ ಪರದೇಶಗಳಲ್ಲಿ ಕರುವಿನ ಹೊಟ್ಟೆಯಿಂದ ತೆಗೆದದ್ದೂ ಇರುತ್ತದೆ. ಇಟಲಿಯ ಪಾರ್ಮೆಸಾನ್ ಚೀಸನ್ನು ಸಂಪ್ರದಾಯದ ಪ್ರಕಾರ ಹಾಗೆಯೇ ಮಾಡುವುದು. ಗೌರ್ಮೆ ಎಂದು ಆಸೆಪಟ್ಟು ಇಂಪೋರ್ಟೆಡ್ ಚೀಸು ತರುವ ಮೊದಲು ಹಸಿರು ಚುಕ್ಕೆ ನೋಡಿ, ಮೈಕ್ರೋಬಿಯಲ್ ರೆನೆಟ್ ಎಂದು ಬರೆದಿದೆಯೇ ನೋಡಿ. ಪುಣೆಯಲ್ಲಿ ಗುಜರಾತಿ, ಮಾರವಾಡಿ, ಜೈನ ಗಿರಾಕಿಗಳು ನಮ್ಮ ಬೋರ್ಡನ್ನು ನಂಬಿಯೇ ಒಳಗೆ ಬರುವುದು.

ಹಣ್ಣು: ಸೀಸನ್ ನೋಡಿ ಖರೀದಿ

ಚೀಸಿನ ನಂತರ ಹಣ್ಣು. ಡಬ್ಬದ ಅನಾನಸು ಸಕ್ಕರೆ ಪಾಕದಲ್ಲಿ ಮುಳುಗಿರುತ್ತದೆ, ವರ್ಷವಿಡೀ ಒಂದೇ ರುಚಿ. ಅದನ್ನು ಹಾಕುವುದಾದರೆ ಕೆಫೆಯವರಿಗೂ ನಮಗೂ ಏನು ವ್ಯತ್ಯಾಸ? ಪುಣೆಯಲ್ಲಿ ಇರುವವರಿಗೆ ಹಣ್ಣಿನ ವಿಷಯದಲ್ಲಿ ದೇವರು ಕಡಿಮೆ ಮಾಡಿಲ್ಲ. ಮಹಾಬಳೇಶ್ವರದ ಸ್ಟ್ರಾಬೆರಿ ಸುಮಾರು 120 ಕಿಲೋಮೀಟರ್ ದೂರದಿಂದ ಬರುತ್ತದೆ, 2010ರಲ್ಲಿ ಅದಕ್ಕೆ ಜಿಐ ಗುರುತು ಸಿಕ್ಕಿದೆ. ಚಳಿಗಾಲ ಪೂರ್ತಿ ಮಾಲು ಇರುತ್ತದೆ. ನಮ್ಮ ಜಿಲ್ಲೆಯದೇ ಪುರಂದರ ತಾಲೂಕಿನ ಅಂಜೂರಕ್ಕೆ 2016ರಲ್ಲಿ ಜಿಐ ಸಿಕ್ಕಿತು. ಅದು ಬೇಸಿಗೆಗೆ ಬರುತ್ತದೆ. ಮಳೆಗಾಲ ಕಳೆಯುತ್ತಾ ಬಂದ ಹಾಗೆ ಹಿಮಾಚಲ, ಕಾಶ್ಮೀರದ ಸೇಬು. ಅನಾನಸು ಕೇರಳದ ವಾಳಕ್ಕುಳಂ ಕಡೆಯಿಂದಲೂ ಬರುತ್ತದೆ. ಹೀಗೆ ವರ್ಷವನ್ನು ನಾಲ್ಕು ಪಾಲು ಮಾಡಿ ಒಂದು ಪಾಲಿಗೆ ಒಂದೇ ಹಣ್ಣು ಇಟ್ಟರೆ ಸಾಕು. ಹಣ್ಣು ಸೀಸನ್ನಿನಲ್ಲಿ ಅಗ್ಗವಾಗಿರುವಾಗಲೇ ರುಚಿಯೂ ಚೆನ್ನಾಗಿರುತ್ತದೆ. ಕಾರ್ಡಿನಲ್ಲಿ 'ಸೀಸನ್ ಹಣ್ಣಿನ ಚೀಸ್ ಸ್ಯಾಂಡ್‌ವಿಚ್' ಎಂದು ಅಚ್ಚು ಹಾಕಿಸಿ, ಇವತ್ತಿನ ಹಣ್ಣು ಯಾವುದೆಂದು ಬೋರ್ಡಿನಲ್ಲಿ ಸೀಮೆಸುಣ್ಣದಿಂದ ಬರೆಯಿರಿ.

ಹಣ್ಣು ಹಾಕುವಾಗ ಎರಡು ತೊಂದರೆ ಬರುತ್ತದೆ, ಎರಡಕ್ಕೂ ಉಪಾಯ ಇದೆ.

ಮೊದಲನೆಯದು ನೀರು. ಸ್ಟ್ರಾಬೆರಿಯಲ್ಲಿ ನೂರಕ್ಕೆ 91 ಪಾಲು ನೀರು. ಅನಾನಸು, ಸೇಬು 86. ಅಂಜೂರ 79, ಬಾಳೆಹಣ್ಣು 75. ಸೇಬಿನ ನೀರು ಅದರ ಗಟ್ಟಿ ಮೈಯಲ್ಲಿ ಹಿಡಿದಿರುತ್ತದೆ. ಹಾಗಾಗಿ ತೆಳ್ಳಗೆ ಹೆಚ್ಚಿ, ಕಪ್ಪಾಗದ ಹಾಗೆ ನಿಂಬೆರಸದ ನೀರಿನಲ್ಲಿ ಹಾಕಿ, ಬಟ್ಟೆಯಲ್ಲಿ ಒರೆಸಿ ಹಸಿಯಾಗಿಯೇ ಇಡಬಹುದು. ಸ್ಟ್ರಾಬೆರಿ ಹಾಗಲ್ಲ. ಬಿಸಿ ತಾಗಿದ ಕೂಡಲೇ ನೀರು ಬಿಟ್ಟು ಬ್ರೆಡ್ಡು ಮುದ್ದೆಯಾಗುತ್ತದೆ. ಅದನ್ನು ಗೊಜ್ಜು ಮಾಡಬೇಕು. ಒಂದು ಕಿಲೋ ಹಣ್ಣಿಗೆ 150 ಗ್ರಾಂ ಬೆಲ್ಲ, ಸ್ವಲ್ಪ ನಿಂಬೆರಸ, ಕುಟ್ಟಿದ ಕಾಳುಮೆಣಸು, ಚಿಟಿಕೆ ಉಪ್ಪು ಹಾಕಿ ಅರ್ಧಕ್ಕೆ ಇಳಿಯುವ ತನಕ ಸಣ್ಣ ಉರಿಯಲ್ಲಿ ಬೇಯಿಸಿ. ಹಣ್ಣು ಪೂರ್ತಿ ಕರಗಬಾರದು, ಹೋಳು ಕಾಣಬೇಕು. ಆರಿಸಿ ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನದೊಳಗೆ ಮುಗಿಸಿ.

ಎರಡನೆಯದು ಕಹಿ. ಹಸಿ ಅನಾನಸಿನಲ್ಲಿ ಬ್ರೋಮೆಲಿನ್ ಎಂಬ ಅಂಶ ಇದೆ. ಅದು ಹಾಲಿನ ಪ್ರೋಟೀನನ್ನು ಕಡಿಯುತ್ತದೆ, ಸ್ವಲ್ಪ ಹೊತ್ತಿನಲ್ಲಿ ಕಹಿ ಬರುತ್ತದೆ. ಪೈನಾಪಲ್ ರಾಯತಕ್ಕೆ ನಮ್ಮ ಕುಕ್ಕುಗಳು ಬೇಯಿಸಿದ ಹಣ್ಣು ಹಾಕುವುದು ಇದಕ್ಕಾಗಿಯೇ. ಬೆಂದರೆ ಆ ಅಂಶ ಸಾಯುತ್ತದೆ. ಆದ್ದರಿಂದ ಅನಾನಸಿನ ತೆಳು ಹೋಳನ್ನು ಮೊದಲು ಕಾವಲಿಯ ಮೇಲೆ ಎರಡೂ ಕಡೆ ಕಂದು ಗೆರೆ ಬರುವ ತನಕ ಸುಡಬೇಕು. ನೀರೂ ಇಂಗುತ್ತದೆ, ಕಹಿಯೂ ಹೋಗುತ್ತದೆ, ಸಿಹಿ ಎದ್ದು ಬರುತ್ತದೆ. ಹಸಿ ಅಂಜೂರ, ಪಪ್ಪಾಯಿ, ಕಿವಿ ಹಣ್ಣಿನಲ್ಲೂ ಇದೇ ಜಾತಿಯ ಅಂಶ ಇದೆ. ಅಂಜೂರವನ್ನು ಕಾವಲಿಗೆ ಮುಟ್ಟಿಸಿಯೇ ಹಾಕಿ. ಪಪ್ಪಾಯಿ, ಕಿವಿ ಈ ಐಟಂಗೆ ಬೇಡ.

ಕಾವಲಿಯ ಕೆಲಸ

ಹೆಸರು ಗ್ರಿಲ್ಡ್ ಎಂದಿದ್ದರೂ ಇದನ್ನು ಮೂಲದಲ್ಲಿ ಮಾಡುವುದು ಚಪ್ಪಟೆ ಕಾವಲಿಯ ಮೇಲೆಯೇ. ನಮ್ಮ ಹೋಟೆಲುಗಳಲ್ಲಿ ಗೆರೆ ಬೀಳುವ ಕರೆಂಟಿನ ಗ್ರಿಲ್ಲರ್ ಇರುತ್ತದೆ. ಅದರ ಮುಚ್ಚಳ ಒತ್ತಿದರೆ ಹಣ್ಣಿನ ರಸ, ಚೀಸು ಎರಡೂ ಪಕ್ಕದಿಂದ ಹೊರಗೆ ಬರುತ್ತದೆ. ತರಕಾರಿ ಸ್ಯಾಂಡ್‌ವಿಚ್ಚಿಗೆ ಅದು ಸರಿ, ಇದಕ್ಕೆ ಕಾವಲಿಯೇ ಒಳ್ಳೆಯದು. ದೋಸೆಯ ಕಾವಲಿ ಬೇಡ, ಬೇರೆ ಸಣ್ಣ ಕಾವಲಿ ಇಡಿ. ಈರುಳ್ಳಿಯ ವಾಸನೆಯೂ ತಾಗುವುದಿಲ್ಲ, ಜೈನ ಗಿರಾಕಿಗಳಿಗೂ ಧೈರ್ಯವಾಗಿ ಕೊಡಬಹುದು.

ಬ್ರೆಡ್ಡು ಬೇಕರಿಯಿಂದ ಸ್ಲೈಸ್ ಮಾಡದ ಲೋಫ್ ತರಿಸಿ, ಒಂದು ದಿನ ಹಳೆಯದಾದರೆ ಉತ್ತಮ, ಬೆರಳು ದಪ್ಪಕ್ಕೆ ಕೊಯ್ಯಿರಿ. ಹೊರಮೈಗೆ ಅಂಚಿನ ತನಕ ಮೆತ್ತಗಿನ ಬೆಣ್ಣೆ ಸವರಿ. ಒಳಗೆ ಮೊದಲು ಚೀಸು, ಮೇಲೆ ಹಣ್ಣು, ಅದರ ಮೇಲೆ ಮತ್ತೆ ಚೀಸು. ಹೀಗೆ ಇಟ್ಟರೆ ಹಣ್ಣಿನ ನೀರು ಬ್ರೆಡ್ಡಿಗೆ ತಾಗುವುದಿಲ್ಲ, ಕರಗಿದ ಚೀಸು ಎರಡೂ ಸ್ಲೈಸನ್ನು ಹಿಡಿದುಕೊಳ್ಳುತ್ತದೆ. ಚೀಸು ತುರಿದು ಹಾಕಿದರೆ ಬೇಗ ಕರಗುತ್ತದೆ. ಪ್ರೊಸೆಸ್ಡ್ ಚೀಸಿಗೆ ಮೂರನೇ ಒಂದು ಪಾಲು ಚೆಡ್ಡಾರ್ ಬೆರೆಸಿದರೆ ರುಚಿಗೆ ರುಚಿ, ಒಡೆಯುವ ಭಯವೂ ಇಲ್ಲ.

ಉರಿ ದೋಸೆಗಿಂತ ಕಡಿಮೆ ಇರಬೇಕು. ದೋಸೆ ಹುಯ್ಯುವಾಗ ಚಿಮುಕಿಸಿದ ನೀರು ಕುಣಿದು ಹಾರಿಹೋಗುತ್ತದೆ. ಇಲ್ಲಿ ನೀರಿನ ಹನಿ ಮೆಲ್ಲಗೆ ಗುಳ್ಳೆ ಬಂದು ಆರಬೇಕು. ಒಂದು ಬದಿಗೆ ಮೂರು ನಾಲ್ಕು ನಿಮಿಷ. ಮೊದಲ ಬದಿ ಆಗುವಾಗ ಮೇಲೆ ಮುಚ್ಚಳ ಇಡಿ, ಮಗುಚಿದ ಮೇಲೆ ತೆಗೆಯಿರಿ. ಮಗುಚು ಕೈಯಿಂದ ಅದುಮಬೇಡಿ. ಜೋರು ಉರಿಯಲ್ಲಿ ಬ್ರೆಡ್ಡು ಕರಟುತ್ತದೆ, ಒಳಗೆ ಚೀಸು ಕರಗಿರುವುದಿಲ್ಲ. ಇಳಿಸಿದ ಮೇಲೆ ಒಂದು ನಿಮಿಷ ಬಿಟ್ಟು ಕೊಯ್ದರೆ ಚೀಸು ಹರಿದುಹೋಗುವುದಿಲ್ಲ. ಒಟ್ಟು ಹತ್ತು ನಿಮಿಷದ ಕೆಲಸ. ಆದ್ದರಿಂದ ಬೆಳಗ್ಗಿನ ರಶ್ಶಿನಲ್ಲಿ ಈ ಐಟಂ ಬೇಡ. ಸಂಜೆ ನಾಲ್ಕರಿಂದ ರಾತ್ರಿ ಒಂಬತ್ತರ ತನಕ ಇಟ್ಟರೆ ಸಾಕು. ಬದಿಗೆ ಟೊಮೆಟೊ ಸಾಸಿನ ಬದಲು ಖಾರದ ಹಸಿರು ಚಟ್ನಿ ಅಥವಾ ಗಟ್ಟಿ ಮೆಣಸ್ಕಾಯಿ ಒಂದು ಚಮಚ ಕೊಡಿ. ಕೆಫೆಯವರ ಹತ್ತಿರ ಅದು ಇಲ್ಲ.

ಊರಿನ ಹಣ್ಣುಗಳನ್ನೂ ಪ್ರಯತ್ನಿಸಬಹುದು. ನೇಂದ್ರ ಬಾಳೆಹಣ್ಣನ್ನು ತುಪ್ಪದಲ್ಲಿ ಕಾಯಿಸಿ ಕಾಳುಮೆಣಸು ಉದುರಿಸಿ ಹಾಕಿದರೆ ಚೀಸಿನ ಉಪ್ಪಿಗೆ ಚೆನ್ನಾಗಿ ಹೊಂದುತ್ತದೆ. ಹಲಸಿನ ಕಾಲದಲ್ಲಿ ಬಕ್ಕೆ ಹಲಸಿನ ತೊಳೆಯನ್ನು ಸೀಳಿ ಕಾಯಿಸಿ ಹಾಕಬಹುದು. ತುಳುವೆ ಹಲಸು ಆಗುವುದಿಲ್ಲ, ಮುದ್ದೆಯಾಗುತ್ತದೆ.

ಸಂಘದಿಂದ ಆಗಬೇಕಾದದ್ದು

ಒಂದು ಸ್ಯಾಂಡ್‌ವಿಚ್ಚಿಗೆ ಇಷ್ಟು ಬರೆಯಬೇಕೇ ಎಂದು ಕೆಲವರಿಗೆ ಅನಿಸಬಹುದು. ಕಾರಣ ಇದೆ. ಪುಣೆ, ಮುಂಬಯಿಯಲ್ಲಿ 'ಉಡುಪಿ' ಎಂಬ ಹೆಸರು ಬೋರ್ಡಿನಲ್ಲಿದ್ದರೆ ಜನ ಕಣ್ಣು ಮುಚ್ಚಿ ಒಳಗೆ ಬರುತ್ತಾರೆ. ಚೊಕ್ಕ ಇರುತ್ತದೆ, ಮೋಸ ಇರುವುದಿಲ್ಲ ಎಂಬ ನಂಬಿಕೆ. ಆ ನಂಬಿಕೆ ನಾವು ಗಳಿಸಿದ್ದಲ್ಲ. ರಾತ್ರಿ ಶಾಲೆಗೆ ಹೋಗಿ, ಹಗಲು ಲೋಟ ತೊಳೆದು, ಬೆಂಚಿನ ಮೇಲೆ ಮಲಗಿ ದುಡಿದ ಹಿರಿಯರು ಗಳಿಸಿ ಕೊಟ್ಟದ್ದು. ಅವರ ಕಾಲದಲ್ಲಿ ಮಾಲು ಅಂದರೆ ಅಕ್ಕಿ, ಉದ್ದು, ತೆಂಗಿನಕಾಯಿ, ಹಾಲು. ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು. ಈಗಿನ ಮಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ, ಅದರ ಗುಣ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಇರುತ್ತದೆ. ಓದದೆ ತೆಗೆದುಕೊಂಡರೆ ಹಿರಿಯರ ಹೆಸರಿಗೆ ನಾವು ಧಕ್ಕೆ ತಂದ ಹಾಗೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಇಂಜಿನಿಯರಿಂಗ್, ಕಂಪ್ಯೂಟರ್ ಎಂದು ಹೋಗಿದ್ದಾರೆ. ಗಲ್ಲದಲ್ಲಿ ಕೂರಲು ಒಪ್ಪುವ ಒಬ್ಬಿಬ್ಬರು ಹೊಸದೇನಾದರೂ ಮಾಡೋಣ ಎನ್ನುತ್ತಾರೆ. ಅವರಿಗೆ ಬೇಡ ಎನ್ನುವ ಬದಲು ಸರಿಯಾಗಿ ಮಾಡು ಎನ್ನೋಣ.

ಸಂಘದ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಮೂರು.

ಒಂದು, ಚೀಸು ಮತ್ತು ಪನೀರಿನ ಪ್ಯಾಕೆಟ್ಟಿನಲ್ಲಿ ಏನು ಏನು ನೋಡಬೇಕು ಎಂಬುದನ್ನು ಕನ್ನಡದಲ್ಲಿ ಒಂದು ಪುಟ ಅಚ್ಚು ಹಾಕಿಸಿ ಎಲ್ಲ ಸದಸ್ಯರಿಗೆ ಕಳುಹಿಸಬೇಕು. ಅನಲಾಗ್ ಎಂಬ ಶಬ್ದ, ಪಾಮ್ ಎಣ್ಣೆ, ಹಸಿರು ಚುಕ್ಕೆ, ಲೈಸೆನ್ಸ್ ನಂಬರು ಎಲ್ಲಿರುತ್ತದೆ ಎಂದು ಚಿತ್ರ ಸಮೇತ ಇರಲಿ.

ಎರಡು, ಕುಕ್ಕುಗಳಿಗೆ ಅರ್ಧ ದಿನದ ಪ್ರಾತ್ಯಕ್ಷಿಕೆ ಏರ್ಪಡಿಸಬೇಕು. ಈಗ ನಮ್ಮ ಕಿಚನ್ನಿನಲ್ಲಿ ಊರಿನ ಹುಡುಗರು ಕಡಿಮೆ. ಒಡಿಶಾ, ಬಂಗಾಳ, ನೇಪಾಳ, ಉತ್ತರ ಪ್ರದೇಶದ ಹುಡುಗರು ದುಡಿಯುತ್ತಾರೆ. ಹೇಳಿಕೊಟ್ಟರೆ ಚೆನ್ನಾಗಿಯೇ ಕಲಿಯುತ್ತಾರೆ. ಅವರಿಗೆ ಅರ್ಥವಾಗಲು ಹಿಂದಿಯಲ್ಲಿ ಹೇಳಿದರಾಯಿತು.

ಮೂರು, ಸ್ಟ್ರಾಬೆರಿ ಸೀಸನ್ನಿನಲ್ಲಿ ಹತ್ತು ಹದಿನೈದು ಹೋಟೆಲಿನವರು ಸೇರಿ ಬೆಳೆಗಾರರಿಂದಲೇ ಮಾಲು ತರಿಸುವ ವ್ಯವಸ್ಥೆ ಮಾಡಬೇಕು. ಅಂದಕ್ಕೆ ಬಾರದ ಸಣ್ಣ ಹಣ್ಣು ಪೇಟೆಯಲ್ಲಿ ಕಡಿಮೆಗೆ ಹೋಗುತ್ತದೆ, ಗೊಜ್ಜಿಗೆ ಅದೇ ಸಾಕು. ಬೆಳೆಗಾರನಿಗೂ ನಾಲ್ಕು ಕಾಸು, ನಮಗೂ ಉಳಿತಾಯ.

ಹೊಸ ಸ್ಟ್ರಾಬೆರಿ ಪೇಟೆಗೆ ಬರುವುದು ನವೆಂಬರ್ ಕೊನೆಯ ಹೊತ್ತಿಗೆ. ಅದಕ್ಕೆ ಮೊದಲು ಒಂದು ಸಭೆ ಕರೆದರೆ ಈ ಮೂರೂ ಕೆಲಸ ಆಗುತ್ತದೆ. ನನ್ನ ಹೋಟೆಲಿನ ಕಾವಲಿ, ಗ್ಯಾಸು, ಜಾಗ ಪ್ರಾತ್ಯಕ್ಷಿಕೆಗೆ ಕೊಡಲು ನಾನು ತಯಾರಿದ್ದೇನೆ. ನನ್ನ ಲೆಕ್ಕ ಸರಿಯಿಲ್ಲ ಎನ್ನುವವರು ತಮ್ಮ ಹೋಟೆಲಿನ ಲೆಕ್ಕ ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಎಲ್ಲರಿಗೂ ಪ್ರಯೋಜನವಾದೀತು.